ಗಣತಿಯ ಕಾಲಂ ಮತ್ತು ಮುಡಬಿಯ ಮನೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲೂಕಿನಲ್ಲಿ ಮುಡಬಿ ಒಂದು ಹೋಬಳಿ ಊರು. ಒಂದು ಕಡೆ ಕಲಬುರಗಿ ಜಿಲ್ಲೆಯ ಸೀಮೆ. ಇನ್ನೊಂದು ಕಡೆ ತಾಲೂಕು ದಾಟಿದರೆ ಮಹಾರಾಷ್ಟ್ರದ ಉಮರ್ಗಾ. ಈ ಭಾಗದ ಯಾವ ಸಂತೆಯಲ್ಲಿಯಾದರೂ ಒಂದು ತಾಸು ನಿಂತರೆ ಕನ್ನಡ, ಮರಾಠಿ, ದಖನಿ, ತಾಂಡಾದವರ ಗೋರ್‌ಬೋಲಿ ನಾಲ್ಕೂ ಕಿವಿಗೆ ಬೀಳುತ್ತವೆ. ಇವನ್ನು ಮಾತಾಡುವವರು ನಾಲ್ಕು ಬೇರೆ ಬೇರೆ ಜನರೇ ಆಗಬೇಕೆಂದಿಲ್ಲ. ಒಬ್ಬನೇ ವ್ಯಾಪಾರಿ ಗಿರಾಕಿಯ ಮುಖ ನೋಡಿ ಮಾತು ಬದಲಿಸುತ್ತಾನೆ. ಅದರಲ್ಲಿ ಯಾವ ಜಾಣತನವಿದೆ ಎಂದು ಅವನಿಗೂ ಅನಿಸುವುದಿಲ್ಲ, ಕೇಳುವವರಿಗೂ ಅನಿಸುವುದಿಲ್ಲ.

ಇಂಥ ಊರಿಗೆ ಸಮೀಕ್ಷೆಯವರು ಬರುತ್ತಾರೆ. ಬಹುಪಾಲು ಅವರು ಶಾಲೆಯ ಮಾಸ್ತರರೇ ಆಗಿರುತ್ತಾರೆ. ಕೈಯಲ್ಲಿ ಹಿಂದೆ ನಮೂನೆ ಹಾಳೆ ಇರುತ್ತಿತ್ತು, ಈಗ ಮೊಬೈಲ್ ಇರುತ್ತದೆ. ಒಬ್ಬ ಪಿಂಜಾರ ಮುದುಕನ ಮನೆಯ ಮುಂದೆ ನಡೆಯಬಹುದಾದ ಮಾತುಕತೆಯನ್ನು ಊಹಿಸಿಕೊಳ್ಳುವುದು ಕಷ್ಟವೇನಲ್ಲ.

"ಮಾತೃಭಾಷಾ ಯಾವ್ದು ಬರೀಲಿ ಚಾಚಾ?"

"ನಮ್ದು ಮುಸಲ್ಮಾನರ ಮಾತು ಮಾಸ್ತರ."

"ಹಂಗಾದ್ರ ಉರ್ದು ಅಂತ ಬರೀತೀನಿ."

"ಬರೀರಿ."

"ಜಾತಿ?"

"ಮುಸಲ್ಮಾನ ಅಂದ್ನೆಲ್ರೀ."

ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಮಾಸ್ತರರು ಮೋಸ ಮಾಡಲಿಲ್ಲ, ಮುದುಕ ಸುಳ್ಳು ಹೇಳಲಿಲ್ಲ. ಆದರೂ ಆ ಮನೆಯ ಎರಡು ಸತ್ಯಗಳು ಅಲ್ಲಿಯೇ ಕಳೆದುಹೋದವು. ಅವರ ಮನೆಮಾತು ಪುಸ್ತಕದ ಉರ್ದುವಲ್ಲ. ಅವರ ಸಮುದಾಯಕ್ಕೆ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರತ್ಯೇಕವಾದ ಒಂದು ಸ್ಥಾನವಿದೆ. ಅದು ಮೊಮ್ಮಗಳ ಕಾಲೇಜು ಸೀಟಿಗೆ ಸಂಬಂಧಿಸಿದ್ದು.

ಸಮಾಜವಿಜ್ಞಾನ, ಮನೋವಿಜ್ಞಾನಗಳ ಸಂಶೋಧನೆಯಲ್ಲಿ ಸಾಂಸ್ಕೃತಿಕ ವೈವಿಧ್ಯ ಒಡ್ಡುವ ಸವಾಲು ಎಂದು ವಿಶ್ವವಿದ್ಯಾಲಯಗಳ ವಿಚಾರಸಂಕಿರಣಗಳಲ್ಲಿ ಕೇಳಿಬರುವ ದೊಡ್ಡ ಮಾತು ನಮ್ಮ ಭಾಗದಲ್ಲಿ ಹೀಗೆ ಹೊಸ್ತಿಲ ಮುಂದೆ ನಿಂತಿರುತ್ತದೆ. ಬೇರೆಲ್ಲೋ ಕುಳಿತು ಸಿದ್ಧಪಡಿಸಿದ ಪ್ರಶ್ನೆ ನಮ್ಮ ಬದುಕಿನ ಅಳತೆಗೆ ಒಗ್ಗದೇ ಹೋದರೆ, ಸೋಲುವುದು ಪ್ರಶ್ನೆಯಾಗಿರಬೇಕಿತ್ತು. ಸೋಲುವವರು ಮಾತ್ರ ಉತ್ತರ ಕೊಟ್ಟವರು. ನೂರೈವತ್ತು ವರ್ಷಗಳಿಂದ ಇದು ಹೇಗೆ ನಡೆದುಬಂದಿದೆ ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ಅಲ್‌ಬಿರೂನಿ ಕಂಡ ಅಡ್ಡಿಗಳು

ಈ ಸವಾಲು ಹೊಸದಲ್ಲ, ಅದನ್ನು ಮೊದಲು ಕಂಡವರು ಪಾಶ್ಚಾತ್ಯ ಪಂಡಿತರೂ ಅಲ್ಲ. ಕ್ರಿ.ಶ. 973ರಲ್ಲಿ ಖ್ವಾರಿಜ್ಮಿನಲ್ಲಿ ಹುಟ್ಟಿದ ಅಬೂ ರೈಹಾನ್ ಅಲ್‌ಬಿರೂನಿ ಘಜ್ನಿಯ ಮಹಮೂದನ ಕಾಲದಲ್ಲಿ ಹಿಂದೂಸ್ತಾನವನ್ನು ಅಭ್ಯಾಸ ಮಾಡಿದರು. ಅದಕ್ಕಾಗಿ ಸಂಸ್ಕೃತ ಕಲಿತರು, ಪಂಡಿತರ ಬಳಿ ಕುಳಿತು ಗ್ರಂಥಗಳನ್ನು ಓದಿಸಿಕೊಂಡರು. 1030ರ ಸುಮಾರಿಗೆ ಬರೆದ 'ಕಿತಾಬುಲ್ ಹಿಂದ್' ಗ್ರಂಥದ ಆರಂಭದಲ್ಲಿಯೇ ಅವರು ಇನ್ನೊಂದು ಜನಾಂಗವನ್ನು ಅರಿಯಲು ಇರುವ ಅಡ್ಡಿಗಳನ್ನು ಲೆಕ್ಕ ಹಾಕುತ್ತಾರೆ. ಭಾಷೆ ಬೇರೆ, ಧರ್ಮ ಬೇರೆ, ರೀತಿರಿವಾಜು ಬೇರೆ ಎಂದು ಹೇಳಿ ಅವರು ನಿಲ್ಲಿಸುವುದಿಲ್ಲ. ತಮ್ಮದೇ ಸುಲ್ತಾನನ ದಂಡಯಾತ್ರೆಗಳಿಂದ ಇಲ್ಲಿಯ ಜನ ಚದುರಿಹೋದರು, ಅವರ ಮನಸ್ಸಿನಲ್ಲಿ ಕಹಿ ಉಳಿಯಿತು, ವಿದ್ಯೆಗಳು ದೂರದ ಕಾಶ್ಮೀರ, ಕಾಶಿಗಳಿಗೆ ಸರಿದುಹೋದವು ಎಂದೂ ಬರೆಯುತ್ತಾರೆ. ಎಂದರೆ, ಕೇಳುವವನ ಬೆನ್ನ ಹಿಂದೆ ನಿಂತಿರುವ ಅಧಿಕಾರವನ್ನು ನೋಡಿ ಹೇಳುವವನು ಬಾಯಿ ಮುಚ್ಚುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

ಭಾಷೆ, ಧರ್ಮ, ರಿವಾಜು, ಭಯ. ಸಾವಿರ ವರ್ಷಗಳ ಹಿಂದಿನ ಈ ನಾಲ್ಕು ಅಡ್ಡಿಗಳ ಪಟ್ಟಿಯನ್ನು ಹಿಡಿದು ನಮ್ಮ ಹುಮನಾಬಾದ್–ಬಸವಕಲ್ಯಾಣ ಸೀಮೆಯನ್ನು ಸುತ್ತಿದರೆ ಒಂದನ್ನೂ ತೆಗೆದುಹಾಕಬೇಕಾಗಿಲ್ಲ.

ಮನೆಮಾತಿಗೆ ಕಾಲಂ ಇಲ್ಲ

ಈ ಪ್ರದೇಶ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನದಲ್ಲಿ ಕ್ರಮಬದ್ಧ ಜನಗಣತಿ ಆರಂಭವಾದದ್ದು 1881ರಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ ಬಳಸಿದ ನಮೂನೆಗಳೇ ಇಲ್ಲಿಗೂ ಬಂದವು. ಮನುಷ್ಯನಿಗೆ ಒಂದು ಮಾತೃಭಾಷೆ, ಒಂದು ಧರ್ಮ, ಒಂದು ಜಾತಿ ಎಂಬುದು ಆ ನಮೂನೆಯ ಅಡಿಪಾಯ.

ಭಾಷೆಗಳನ್ನೇ ಅಭ್ಯಾಸ ಮಾಡಲು ಹೊರಟ ದೊಡ್ಡ ಯೋಜನೆ ಜಾರ್ಜ್ ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆ. 1894ರಿಂದ 1928ರವರೆಗೆ ನಡೆದ ಈ ಕೆಲಸದಲ್ಲಿ ಮದ್ರಾಸ್ ಪ್ರಾಂತ, ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳನ್ನು ಬಿಟ್ಟುಬಿಡಲಾಯಿತು. ದಖನಿ ಮಾತು ಹುಟ್ಟಿ ಬೆಳೆದ ನೆಲದ ಬಹುಭಾಗ ಹೀಗೆ ಸಮೀಕ್ಷೆಯ ಹೊರಗೇ ಉಳಿಯಿತು. ದಖನಿಯ ವಿವರಣೆಯನ್ನು ಬೇರೆ ಕಡೆಯ ಮಾದರಿಗಳಿಂದ ಕೊಡಬೇಕಾಯಿತು. ಆ ಸಮೀಕ್ಷೆಯ ವಿಧಾನವೂ ಕುತೂಹಲಕರ. ಪ್ರತಿ ಭಾಷೆಯ ಮಾದರಿಗಾಗಿ ಇಂಜೀಲಿನ ದಾರಿತಪ್ಪಿದ ಮಗನ ಕಥೆಯನ್ನು ಅನುವಾದ ಮಾಡಿಸಿದರು. ಇಲ್ಲಿಯ ಜನರ ಭಾವನೆಗೆ ನೋವಾಗದಂತೆ ಅಲ್ಲಲ್ಲಿ ಮಾತು ತಿದ್ದಬೇಕಾಯಿತು. ಎಲ್ಲರಿಗೂ ಒಂದೇ ಅಳತೆಗೋಲು ಎಂದು ಹೊರಟವರು ಮೊದಲ ಹೆಜ್ಜೆಯಲ್ಲಿಯೇ ಆ ಕೋಲನ್ನು ಸ್ವಲ್ಪ ಕೆತ್ತಬೇಕಾಗಿ ಬಂತು ಎಂಬುದು ಗಮನಿಸಬೇಕಾದ ಸಂಗತಿ.

ದಖನಿ ಎಂದರೆ ಕೆಟ್ಟ ಉರ್ದು ಎಂದು ತಿಳಿದವರು ಇಂದಿಗೂ ಇದ್ದಾರೆ. ನಮ್ಮವರಲ್ಲಿಯೇ ಹೆಚ್ಚು ಇದ್ದಾರೆ. ಬಹಮನಿ, ಆದಿಲ್‌ಶಾಹಿ, ಕುತುಬ್‌ಶಾಹಿ ಕಾಲದಲ್ಲಿ ಕಾವ್ಯ ಬರೆಸಿಕೊಂಡ ಭಾಷೆ ಅದು. ಉತ್ತರದ ಉರ್ದು ಸಾಹಿತ್ಯ ಕಣ್ಣು ಬಿಡುವ ಮೊದಲೇ ಇಲ್ಲಿ ಮಸ್ನವಿಗಳು ರಚನೆಯಾಗಿದ್ದವು. ನೆಲದ ಮಾತುಗಳೊಡನೆ ಅದು ಎಷ್ಟು ಬೆರೆತಿದೆಯೆಂದರೆ ಬೇಡ ಎನ್ನಲು ಮರಾಠಿಯಿಂದ 'ನಕ್ಕೋ' ತೆಗೆದುಕೊಂಡಿದೆ. 'ಅಂವ ಬರ್ತೀನಂತ ಹೇಳ್ಯಾನ' ಎಂಬ ಕನ್ನಡ ವಾಕ್ಯದ 'ಅಂತ' ಇರುವ ಜಾಗದಲ್ಲಿಯೇ ದಖನಿಯಲ್ಲಿ 'ಬೋಲ್‌ಕೆ' ಬಂದು ಕೂಡುತ್ತದೆ. ದೆಹಲಿಯವನಿಗೆ ಇದು ತಪ್ಪು ಎನಿಸಿದರೆ ಮುಡಬಿಯ ಕನ್ನಡಿಗನಿಗೆ ಇದು ತನ್ನದೇ ವಾಕ್ಯದಂತೆ ಕೇಳುತ್ತದೆ.

ಗಣತಿಯ ಕೋಷ್ಟಕಗಳಲ್ಲಿ ಇದಕ್ಕೆ ಜಾಗ ಸಿಗಲಿಲ್ಲ. 1961ರ ಗಣತಿ ದೇಶದಲ್ಲಿ 1,652 ಮಾತೃಭಾಷೆಗಳ ಹೆಸರು ದಾಖಲಿಸಿತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಹೇಳಿದ ಮಾತುಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವುದು ನಿಂತಿತು. ದಖನಿ ಆಡುವವರು ಲಕ್ಷಗಟ್ಟಲೆ ಇದ್ದರೂ ತಮ್ಮ ಮಾತಿಗೆ ಆ ಹೆಸರನ್ನು ಹೇಳಲಿಲ್ಲ, ಉರ್ದು ಎಂದರು. ತಾಂಡಾದವರ ಸ್ಥಿತಿ ಇನ್ನೂ ವಿಚಿತ್ರ. ಅವರು ತಮ್ಮ ಮಾತಿನ ಹೆಸರನ್ನು ಸರಿಯಾಗಿಯೇ ಹೇಳಿದರು. ಆದರೂ 2011ರ ಗಣತಿಯಲ್ಲಿ ಲಮಾಣಿ–ಲಂಬಾಡಿ ಎಂದು ಬರೆಸಿದ 32 ಲಕ್ಷಕ್ಕೂ ಹೆಚ್ಚು ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಲಾಗಿದೆ. ನಮ್ಮ ಸೀಮೆಯ ತಾಂಡಾದ ಮುದುಕಿಗೆ ತಾನು ಹಿಂದಿ ಭಾಷಿಕಳೆಂದು ತಿಳಿಸಿದರೆ ಆಕೆ ನಗಬಹುದು. ಆದರೆ ಆಕೆಯ ಮೊಮ್ಮಗ ಒಂದನೇ ತರಗತಿಯಲ್ಲಿ ಕೂತು ಪಿಳಿಪಿಳಿ ಕಣ್ಣು ಬಿಡುವಾಗ ಇದು ನಗುವ ಸಂಗತಿಯಾಗಿ ಉಳಿಯುವುದಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆಯನ್ನೂ ಇಲ್ಲಿ ಹೇಳಬೇಕು. ಮುಸ್ಲಿಮ್ ಎಂದರೆ ಉರ್ದು, ಉರ್ದು ಎಂದರೆ ಮುಸ್ಲಿಮ್ ಎಂದು ಸಮೀಕ್ಷೆಗಳು ಮೊದಲೇ ನಂಬಿಕೊಂಡು ಬರುತ್ತವೆ. ಬಳ್ಳಾರಿ, ಚಿತ್ರದುರ್ಗ ಕಡೆ ಕನ್ನಡವನ್ನೇ ಮನೆಮಾತಾಗಿ ಮಾಡಿಕೊಂಡ ಪಿಂಜಾರರು ಬಹಳ ಇದ್ದಾರೆ. ಕರಾವಳಿಯ ಬ್ಯಾರಿಗಳ ಮಾತು ಬ್ಯಾರಿ, ಭಟ್ಕಳದವರದು ನವಾಯತಿ. ಇತ್ತ ನಿಜಾಮರ ಕಾಲದಲ್ಲಿ ಉರ್ದು ಆಡಳಿತದ, ಶಾಲೆಯ ಭಾಷೆಯಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿಯೇ ಉನ್ನತ ಶಿಕ್ಷಣ ಕೊಟ್ಟಿತು. ಆದ್ದರಿಂದ ಬೀದರ್, ಕಲಬುರಗಿಯ ಆ ತಲೆಮಾರಿನ ಲಿಂಗಾಯತ ಗೌಡರು, ಬ್ರಾಹ್ಮಣ ಕುಲಕರ್ಣಿಗಳು, ವಕೀಲರು ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿಯೇ ರುಜು ಹಾಕುತ್ತಿದ್ದರು. ಭಾಷೆಯನ್ನು ನೋಡಿ ಧರ್ಮ ಊಹಿಸುವ ಸಂಶೋಧಕನಿಗೆ ಅವರು ಎಲ್ಲಿ ಸಿಗಬೇಕು?

ಉರುಸಿನಲ್ಲಿ ಜಂಗಮರು

ಧರ್ಮದ ಕಾಲಂ ಇದಕ್ಕಿಂತ ಇಕ್ಕಟ್ಟಿನದು. ಬೀದರ್ ಹತ್ತಿರದ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯ ಗೋರಿ ಇದೆ. ಅಲ್ಲಿಯ ಉರುಸಿಗೆ ಆಳಂದ ಕಡೆಯ ಮಾಡಿಯಾಳದಿಂದ ಜಂಗಮರು ತಮ್ಮವರೊಡನೆ ನಡೆದು ಬರುತ್ತಾರೆ. ಅವರು ಬಾರದೆ ಉರುಸು ಆಗುವುದಿಲ್ಲ. ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರವೆಂದು ಭಾವಿಸುವ ಲಿಂಗಾಯತ ಭಕ್ತರಿದ್ದಾರೆ. ಇತ್ತ ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನ. 1817ರಲ್ಲಿ ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ 1865ರಲ್ಲಿ ಸಮಾಧಿಯಾದ ಪ್ರಭುಗಳು ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯವನ್ನು ಹಾಕಿಕೊಟ್ಟರು. ಮರಾಠಿ, ಕನ್ನಡ, ಉರ್ದು ಮೂರರಲ್ಲಿಯೂ ಪದ ಕಟ್ಟಿದರು. ಮುಸ್ಲಿಮ್ ಭಕ್ತರೂ ಅವರಿಗಿದ್ದರು. ಮೊಹರಮ್ಮಿನಲ್ಲಿ ಈ ಭಾಗದ ಎಷ್ಟೋ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡುವವರು, ಹೆಜ್ಜೆ ಹಾಕುವವರು, ರಿವಾಯತ್ ಪದ ಹಾಡುವವರು ಹಿಂದೂಗಳು. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿಯೂ ಪೀರ್ ಕೂಡಿಸುತ್ತಾರೆ.

ಇವು ಧರ್ಮಸಮ್ಮತವೇ ಎಂಬ ಚರ್ಚೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ನಡೆದಿದೆ. ಉಲಮಾಗಳು ಅದರ ಬಗ್ಗೆ ಹೇಳುತ್ತ ಬಂದಿದ್ದಾರೆ, ಹೇಳುವ ಹಕ್ಕು ಅವರಿಗಿದೆ. ಆದರೆ ಏನು ಇರಬೇಕು ಎಂಬುದು ಒಂದು ಪ್ರಶ್ನೆ, ಏನು ಇದೆ ಎಂಬುದು ಇನ್ನೊಂದು ಪ್ರಶ್ನೆ. ಸಂಶೋಧಕನ ಕೆಲಸ ಎರಡನೆಯದು. ಅದನ್ನು ಬರೆದುಕೊಳ್ಳಲು ಅವನ ನಮೂನೆಯಲ್ಲಿ ಜಾಗವಿಲ್ಲದಿದ್ದಾಗ ಏನಾಗುತ್ತದೆ? 1911ರ ಗಣತಿಯಲ್ಲಿ ಮುಂಬಯಿ ಪ್ರಾಂತದ ಅಧಿಕಾರಿ ಗುಜರಾತಿನ ಕೆಲವು ಸಮುದಾಯಗಳನ್ನು 'ಹಿಂದೂ–ಮುಸಲ್ಮಾನ' ಎಂದು ಬರೆದರು. ಅವರಿಗೆ ಕಂಡದ್ದು ಹಾಗೆಯೇ ಇತ್ತು. ಮೇಲಧಿಕಾರಿ ಗೇಟ್ ಸಾಹೇಬರಿಗೆ ಇದು ಹಿಡಿಸಲಿಲ್ಲ. ಯಾವುದಾದರೂ ಒಂದು ಕಡೆ ಹಾಕಬೇಕಿತ್ತು ಎಂದರು. ಎಪ್ಪತ್ತೈದು ವರ್ಷಗಳ ನಂತರ ಕೆ.ಎಸ್. ಸಿಂಗ್ ಅವರ ನೇತೃತ್ವದಲ್ಲಿ ಭಾರತೀಯ ಮಾನವವಿಜ್ಞಾನ ಸರ್ವೇಕ್ಷಣೆಯು 1985ರಿಂದ ದೇಶದ 4,635 ಸಮುದಾಯಗಳನ್ನು ಅಭ್ಯಾಸ ಮಾಡಿದಾಗ, ಒಂದೇ ಸಮುದಾಯದೊಳಗೆ ಎರಡು ಧರ್ಮಗಳನ್ನು ನಡೆಸಿಕೊಂಡು ಬಂದವರು ಸಾಕಷ್ಟು ಇರುವುದು ಮತ್ತೆ ಕಂಡುಬಂತು.

ಈ ತೊಂದರೆ ಮುಸ್ಲಿಮರದು ಮಾತ್ರ ಎಂದು ತಿಳಿಯಬಾರದು. ಶರಣರ ನಾಡಾದ ಕಲ್ಯಾಣದ ಸುತ್ತ ಲಿಂಗಾಯತ, ವೀರಶೈವ, ಹಿಂದೂ ಎಂಬ ಮೂರು ಪದಗಳಲ್ಲಿ ಯಾವುದನ್ನು ಯಾವ ಕಾಲಂನಲ್ಲಿ ಬರೆಸಬೇಕು ಎಂಬುದು ದೊಡ್ಡ ಹೋರಾಟವಾಯಿತು. 2017ರ ಜುಲೈಯಲ್ಲಿ ಬೀದರಿನಲ್ಲಿ ಬೃಹತ್ ಸಮಾವೇಶ ನಡೆಯಿತು. ನ್ಯಾಯಮೂರ್ತಿ ನಾಗಮೋಹನ್ ದಾಸ್ ಸಮಿತಿ ವರದಿ ಕೊಟ್ಟಿತು. 2018ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಶಿಫಾರಸು ಮಾಡಿತು. ನಮ್ಮ ಪಕ್ಕದ ಮನೆಯವರೂ ಇದೇ ಕಾಲಂನೊಡನೆ ಗುದ್ದಾಡುತ್ತಿದ್ದಾರೆ ಎಂಬುದು ನಾವು ನೆನಪಿಡಬೇಕಾದ ಮಾತು.

ಜಾತಿ ಹೇಳದವರು

ರಿವಾಜಿನ ವಿಷಯಕ್ಕೆ ಬಂದರೆ ತಪ್ಪು ಬರೀ ಕೇಳುವವರದಲ್ಲ, ನಮ್ಮದೂ ಇದೆ. ಇಸ್ಲಾಮಿನಲ್ಲಿ ಜಾತಿ ಇಲ್ಲ ಎಂಬುದು ನಮ್ಮ ನಂಬಿಕೆ, ನಮ್ಮ ಹೆಮ್ಮೆ. ಮಸೀದಿಯ ಸಾಲಿನಲ್ಲಿ ಅದು ನಿಜವೂ ಹೌದು. ಆದರೆ ಮದುವೆಯ ಮಾತುಕತೆಯಲ್ಲಿ, ಕಸುಬಿನಲ್ಲಿ, ಮಾತಿನ ಧಾಟಿಯಲ್ಲಿ ಬಿರಾದರಿಗಳು ಇರುವುದನ್ನು ಯಾರೂ ಅಲ್ಲಗಳೆಯಲಾರರು. ಸಮಾಜಶಾಸ್ತ್ರಜ್ಞ ಇಮ್ತಿಯಾಜ್ ಅಹ್ಮದ್ 1973ರಲ್ಲಿ ಭಾರತದ ಮುಸ್ಲಿಮರಲ್ಲಿನ ಜಾತಿ ಮತ್ತು ಸಾಮಾಜಿಕ ಶ್ರೇಣಿಗಳ ಕುರಿತು ಲೇಖನಗಳ ಸಂಪುಟವನ್ನು ಸಂಪಾದಿಸಿದಾಗ ಆ ಮಾತು ವಿದ್ವತ್ ವಲಯಕ್ಕೆ ಬಂತು. ಆದರೆ ಜನ ಅದನ್ನು ಹೇಳಿಕೊಳ್ಳಲು ಹಿಂಜರಿಯುತ್ತಾರೆ. ಅರಳೆ ಹಿಂಜುವ ಕಸುಬು ಹೋಗಿ ನಾಲ್ಕು ಕಾಸು ಬಂದ ಮನೆಯವರು ಹೆಸರಿನ ಮುಂದೆ ಶೇಖ್ ಸೇರಿಸಿಕೊಳ್ಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಅಪರಾಧಿ ಬುಡಕಟ್ಟು ಎಂಬ ಹಣೆಪಟ್ಟಿ ಹಚ್ಚಿಸಿಕೊಂಡ ಛಪ್ಪರ್‌ಬಂದರಿಗಂತೂ ತಮ್ಮ ಹೆಸರು ಹೇಳುವುದೇ ಪೊಲೀಸರನ್ನು ಕರೆದಂತಿತ್ತು.

ಕರ್ನಾಟಕದಲ್ಲಿ ಹಿಂದುಳಿದಿರುವಿಕೆಯನ್ನು ಅಳೆಯುವ ಕೆಲಸ ದೊಡ್ಡದಾಗಿಯೇ ನಡೆದಿದೆ. 1975ರಲ್ಲಿ ಹಾವನೂರ, 1986ರಲ್ಲಿ ವೆಂಕಟಸ್ವಾಮಿ, 1990ರಲ್ಲಿ ಚಿನ್ನಪ್ಪ ರೆಡ್ಡಿ ಆಯೋಗಗಳ ವರದಿಗಳು ಬಂದವು. ನದಾಫ್, ಪಿಂಜಾರ, ದರ್ವೇಶ್, ಛಪ್ಪರ್‌ಬಂದ್, ಕಸಾಬ್ ಮೊದಲಾದ 17 ಮುಸ್ಲಿಮ್ ಸಮುದಾಯಗಳು ಪ್ರವರ್ಗ–1ರಲ್ಲಿಯೂ, ಇನ್ನು 19 ಸಮುದಾಯಗಳು 2–ಎ ಪ್ರವರ್ಗದಲ್ಲಿಯೂ ಇವೆ. ಉಳಿದವರಿಗಾಗಿ ತೊಂಬತ್ತರ ದಶಕದ ನಡುವೆ ಶೇಕಡಾ 4ರ 2–ಬಿ ಪ್ರವರ್ಗ ರೂಪುಗೊಂಡಿತು. 2023ರ ಮಾರ್ಚಿಯಲ್ಲಿ ಅದನ್ನು ತೆಗೆಯುವ ಆದೇಶ ಹೊರಬಿತ್ತು, ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿ ಜಾರಿಗೆ ಬರಲಿಲ್ಲ. ಈ ಎಲ್ಲ ವಾದವಿವಾದಗಳಲ್ಲಿ ನ್ಯಾಯಾಲಯ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಅಂಕಿಅಂಶ ಎಲ್ಲಿದೆ? ಮುಡಬಿಯ ಮುದುಕನ ಮನೆಯ ಮುಂದೆ ಎರಡು ನಿಮಿಷದಲ್ಲಿ ಮುಗಿದ ಮಾತುಕತೆಯೇ ಆ ಅಂಕಿಅಂಶದ ಮೂಲ. ಪ್ರವರ್ಗ–1ಕ್ಕೆ ಸೇರಬೇಕಾದವನು 'ಮುಸಲ್ಮಾನ' ಎಂದಷ್ಟೇ ಬರೆಸಿದರೆ ಅವನ ಬಿರಾದರಿಯ ಬಡತನ ದೊಡ್ಡ ಗುಂಪಿನ ಸರಾಸರಿಯಲ್ಲಿ ಕರಗಿಹೋಗುತ್ತದೆ.

ದೇಶದ ಮಟ್ಟದಲ್ಲಿ 2005ರಲ್ಲಿ ನೇಮಕವಾಗಿ 2006ರ ನವೆಂಬರಿನಲ್ಲಿ ವರದಿ ಕೊಟ್ಟ ಸಾಚಾರ್ ಸಮಿತಿ ಬೇರೆ ಬೇರೆ ಇಲಾಖೆಗಳ ಅಂಕಿಗಳನ್ನು ಒಂದೆಡೆ ತಂದು ಮುಸ್ಲಿಮರ ಸ್ಥಿತಿಯನ್ನು ತೋರಿಸಿತು. ಅಲ್ಲಿಯವರೆಗೆ ಓಲೈಕೆಯ ಮಾತು ಕೇಳುತ್ತಿದ್ದವರಿಗೆ ಅದು ಉತ್ತರವಾಯಿತು. ಅಂಕಿಯ ಶಕ್ತಿ ಏನೆಂಬುದು ನಮಗೆ ಆಗಲೇ ಗೊತ್ತಾಯಿತು. ಗಣತಿಯನ್ನು ದೂರುತ್ತ ಕೂರುವುದರಲ್ಲಿ ಅರ್ಥವಿಲ್ಲ ಎನ್ನಲು ಇದೇ ಕಾರಣ.

ಒಂದೇ ವರ್ಷ, ಎರಡು ಹಳ್ಳಿ ಸುತ್ತಾಟ

ನಾಲ್ಕನೆಯ ಅಡ್ಡಿ ಭಯ. ಇದನ್ನು ತಿಳಿಯಲು 1948ನೆಯ ಇಸವಿಗೆ ಹೋಗಬೇಕು.

ಆ ವರ್ಷ ಆಕ್ಸ್‌ಫರ್ಡಿನಿಂದ ಬಂದ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಕ್ಷೇತ್ರಕಾರ್ಯ ಮಾಡಿದರು. ಅದನ್ನೇ ರಾಮಪುರ ಎಂಬ ಹೆಸರಿನಿಂದ ಬರೆದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಬೆಂಕಿ ಹಚ್ಚಿದಾಗ ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟವು. ನೆನಪಿನಿಂದಲೇ ಬರೆದ ಅವರ ಪುಸ್ತಕ 1976ರಲ್ಲಿ ಬಂತು. ಅದರಲ್ಲಿ ಅವರು ಒಂದು ಮಾತು ಒಪ್ಪಿಕೊಂಡಿದ್ದಾರೆ. ಮುಸ್ಲಿಮರ, ಹರಿಜನರ ಕೇರಿಗಳಲ್ಲಿ ತಾನು ಬೇಕಾದಷ್ಟು ಹೊತ್ತು ಕಳೆಯಲಿಲ್ಲ. ಕಳೆದಿದ್ದರೆ ಊರು ಬೇರೆ ಕೋನದಿಂದ ಕಾಣುತ್ತಿತ್ತು ಎಂದು. ಭಾರತದ ಸಮಾಜಶಾಸ್ತ್ರಕ್ಕೆ ದಾರಿ ಹಾಕಿಕೊಟ್ಟ ವಿದ್ವಾಂಸರ ಈ ಪ್ರಾಮಾಣಿಕತೆ ದೊಡ್ಡದು. ಕನ್ನಡ ನಾಡಿನಲ್ಲಿಯೇ ಹುಟ್ಟಿದವರಿಗೂ ಊರಿನ ಇನ್ನೊಂದು ಕೇರಿ ದೂರವಿತ್ತು ಎಂಬುದು ಅದರಿಂದ ತಿಳಿಯುತ್ತದೆ.

ಅದೇ 1948ರಲ್ಲಿ ನಮ್ಮ ಸೀಮೆ ಉರಿಯುತ್ತಿತ್ತು. ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರ್ಟಾದಲ್ಲಿ ರಜಾಕಾರರ ದಾಳಿಗೆ ಊರಿನವರು ಬಲಿಯಾದರು. ಅದನ್ನು ನಾವು ಮರೆಯಬಾರದು, ಮರೆಮಾಚಬಾರದು. ಸೆಪ್ಟೆಂಬರ್ 13ಕ್ಕೆ ಆರಂಭವಾದ ಪೊಲೀಸ್ ಕಾರ್ಯಾಚರಣೆ ಐದು ದಿನದಲ್ಲಿ ಮುಗಿಯಿತು. ನಂತರ ಹಳ್ಳಿಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡು ನಡೆಯಿತು. ರಜಾಕಾರರ ಸಂಗ ಕಟ್ಟದ ಬಡವರೂ ಅದಕ್ಕೆ ಸಿಕ್ಕರು. ಪ್ರಧಾನಿ ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಅವರಿದ್ದ ತಂಡ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿತು. ಹದಿನಾರು ಜಿಲ್ಲೆಗಳಲ್ಲಿ ಒಂಬತ್ತನ್ನು ನೋಡಿತು. ತಾವು ಹೋಗಲಾಗದ 109 ಹಳ್ಳಿಗಳಿಂದ ಬಂದ ಐನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಕ್ಕಿತು.

ಲೆಕ್ಕ ಹಾಕುವುದೂ ಒಂದು ವಿಜ್ಞಾನವಾದರೆ, ನೊಂದವರ ಎದುರು ಕುಳಿತು ಕೇಳುವುದು ಅದರ ಅತಿ ಕಷ್ಟದ ಭಾಗ. ಸುಂದರಲಾಲ್ ತಂಡದಲ್ಲಿ ಹಿಂದೂ, ಮುಸ್ಲಿಮ್ ಇಬ್ಬರೂ ಇದ್ದರು, ಇಬ್ಬರಿಗೂ ಜನರ ಮಾತು ತಿಳಿಯುತ್ತಿತ್ತು. ಬಹುಶಃ ಅದಕ್ಕೇ ಜನ ಬಾಯಿ ಬಿಟ್ಟರು. ಆದರೆ ಅವರು ಹೇಳಿದ್ದು ಕಪಾಟಿನಲ್ಲಿ ಉಳಿಯಿತು. ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಕೈಯಲ್ಲಿ ಕಾಗದ ಹಿಡಿದು ಬಂದವನನ್ನು ಕಂಡರೆ 'ಯಾಕ ಕೇಳ್ತಾನ, ಎಲ್ಲಿಗೆ ಒಯ್ತಾನ' ಎಂಬ ಅನುಮಾನ ಮೊದಲು ಏಳುತ್ತದೆ. ಇದನ್ನು ಅಜ್ಞಾನ ಎಂದು ಕರೆದು ಮುಂದೆ ಹೋಗುವ ಸಂಶೋಧಕ ಇತಿಹಾಸ ಓದಿಲ್ಲವೆಂದೇ ಅರ್ಥ. ಮಕ್ಕಳ ಸಂಖ್ಯೆ ಕೇಳಿದರೆ ಒಂದು ಅರ್ಥ, ಆಸ್ತಿ ಕೇಳಿದರೆ ಇನ್ನೊಂದು ಅರ್ಥ ಹುಟ್ಟುತ್ತದೆ. 2019ರ ಕೊನೆಯಲ್ಲಿ ಪೌರತ್ವದ ಕಾನೂನು ಬಂದ ಮೇಲೆ ಅಜ್ಜನ ಹುಟ್ಟೂರು ಕೇಳುವುದೂ ಸಾದಾ ಪ್ರಶ್ನೆಯಾಗಿ ಉಳಿಯಲಿಲ್ಲ.

ಬುದ್ಧಿಯ ಅಳತೆ, ಮನಸ್ಸಿನ ಅಳತೆ

ಮನೋವಿಜ್ಞಾನದ ಕಡೆ ನೋಡಿದರೆ ಕನ್ನಡ ನಾಡಿನಲ್ಲಿ ಎರಡು ಒಳ್ಳೆಯ ಮೇಲ್ಪಂಕ್ತಿಗಳಿವೆ. ಮೊದಲನೆಯದು ಧಾರವಾಡದ್ದು. ವಿ.ವಿ. ಕಾಮತ್ ಎಂಬ ಶಿಕ್ಷಣತಜ್ಞರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿ 1934ರಲ್ಲಿ ಅದರ ವಿವರ ಪ್ರಕಟಿಸಿದರು. 1940ರಲ್ಲಿ ಪುಸ್ತಕ ತಂದರು. ಪರದೇಶದ ಮಗುವಿಗಾಗಿ ಮಾಡಿದ ಪರೀಕ್ಷೆಯಲ್ಲಿ ನಮ್ಮ ಮಗು ತಪ್ಪಿದರೆ ಮಗು ದಡ್ಡ ಎನ್ನುವ ಮೊದಲು ಪರೀಕ್ಷೆಯನ್ನು ಪರೀಕ್ಷಿಸಬೇಕು ಎಂಬ ವಿವೇಕ ಅದರಲ್ಲಿತ್ತು. ಮುಂಬಯಿ–ಕರ್ನಾಟಕದ ಮಕ್ಕಳಿಗೆ ಸಿಕ್ಕ ಈ ನ್ಯಾಯ ಗಡಿಯ ಈಚೆ, ನಿಜಾಮರ ಸೀಮೆಯ ದಖನಿ ಮನೆಯ ಮಗುವಿಗೆ ಆಗ ಸಿಗಲಿಲ್ಲ.

ಎರಡನೆಯದು ಉಡುಪಿ ಕಡೆಯ ಕೋಟ. ಮನೋವೈದ್ಯರಾದ ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅಲ್ಲಿಯ ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ಮಾನಸಿಕ ಆರೋಗ್ಯವನ್ನು ಮನೆಮನೆಗೆ ಹೋಗಿ ಅಭ್ಯಾಸ ಮಾಡಿ 1976ರಲ್ಲಿ ಗ್ರಂಥ ಪ್ರಕಟಿಸಿದರು. ಲಂಡನ್ನಿನ ಪ್ರಶ್ನಾವಳಿಯನ್ನು ಹಾಗೆಯೇ ಅನುವಾದಿಸದೆ, ಭಾರತದ ರೋಗಿಗಳು ತಮ್ಮ ಕಷ್ಟ ಹೇಳಿಕೊಳ್ಳುವ ರೀತಿಗೆ ಹೊಂದುವ ಪ್ರಶ್ನಾವಳಿ ಕಟ್ಟಿಕೊಂಡರು. ಮೈದುಂಬುವುದನ್ನು ಕಣ್ಣುಮುಚ್ಚಿ ರೋಗವೆಂದು ಬರೆಯಲಿಲ್ಲ. ಜನ ವೈದ್ಯರ ಬಳಿ ಹೋಗುವಂತೆಯೇ ಮಂತ್ರವಾದಿಗಳ ಬಳಿಯೂ ಹೋಗುವುದನ್ನು ತಾಳ್ಮೆಯಿಂದ ಗಮನಿಸಿದರು.

ನಮ್ಮ ಕಡೆ ಇದರ ಅಗತ್ಯ ಎಷ್ಟಿದೆ ಎಂಬುದನ್ನು ದರ್ಗಾಗಳ ಅಂಗಳದಲ್ಲಿ ನಿಂತವರು ಬಲ್ಲರು. 'ಖಿನ್ನತೆ ಇದೆಯೇ?' ಎಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳಿಗೆ ಅದು ಯಾವ ಜಡ್ಡೋ ತಿಳಿಯದು. 'ಜಿ ಘಬ್ರಾತಾ', 'ಎದಿ ಧಡಧಡ ಅಂತದ', 'ಯಾವುದ್ರಾಗೂ ಮನಸ್ಸಿಲ್ಲ' ಎನ್ನುತ್ತಾರೆ. ಹಾಜರಿ ಬಂತು ಎನ್ನುತ್ತಾರೆ. ಪ್ರಶ್ನಾವಳಿಯ ಕನ್ನಡ ಪುಸ್ತಕದ್ದು, ಉರ್ದು ಅನುವಾದ ಲಖನೌದ್ದು. ಎರಡರ ನಡುವೆ ಆಕೆಯ ನೋವಿಗೆ 'ಇಲ್ಲ' ಎಂಬ ಗುರುತು ಬೀಳುತ್ತದೆ. ಪಕ್ಕದಲ್ಲಿ ಅತ್ತೆಯೋ ಗಂಡನೋ ಕುಳಿತಿದ್ದರೆ ಅದೂ ಬೀಳುವುದಿಲ್ಲ. ಅವರೇ ಉತ್ತರ ಕೊಡುತ್ತಾರೆ.

ಈ ಕೊರತೆ ಬೀದರಿನದು ಮಾತ್ರವಲ್ಲ. 2008ರಲ್ಲಿ ಅಮೆರಿಕದ ಜೆಫ್ರಿ ಆರ್ನೆಟ್ ಪ್ರಮುಖ ಮನೋವಿಜ್ಞಾನ ಪತ್ರಿಕೆಗಳನ್ನು ಪರಿಶೀಲಿಸಿ, ಅಭ್ಯಾಸಕ್ಕೆ ಒಳಗಾದವರಲ್ಲಿ ಶೇಕಡಾ 96ರಷ್ಟು ಜನ ಪ್ರಪಂಚದ ಶೇಕಡಾ 12ರಷ್ಟು ಜನಸಂಖ್ಯೆಯ ದೇಶಗಳವರು ಎಂದು ತೋರಿಸಿದರು. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು, ಶ್ರೀಮಂತ ಪಾಶ್ಚಾತ್ಯ ದೇಶಗಳ ಓದಿದವರ ಮನಸ್ಸನ್ನು ನೋಡಿ ಮನುಷ್ಯನ ಮನಸ್ಸು ಹೀಗೆ ಎನ್ನುವುದು ಸಲ್ಲದು, ಅವರೇ ಜಗತ್ತಿನಲ್ಲಿ ಅಪರೂಪದ ಜನ ಎಂದು ವಾದಿಸಿದರು. ಮುಡಬಿಯ ಹೆಂಗಸಿನ ಬಗ್ಗೆ ವಿಜ್ಞಾನ ಏನು ಬಲ್ಲದು ಎಂಬ ಪ್ರಶ್ನೆ ಹೀಗೆ ಆ ದೊಡ್ಡ ಪತ್ರಿಕೆಗಳ ಪುಟಗಳಿಗೂ ತಲುಪಿತು.

ಕೇಳುವ ಹದ

ಭಾಷೆಯ ಬಾಗಿಲಿನಿಂದ ಒಳಗೆ ಹೋದವರಿಗೆ ಬಹಳ ಸಿಕ್ಕಿದೆ. ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಬಗ್ಗೆ ಬರೆದಾಗ ಫಾರ್ಸಿ ತವಾರೀಖುಗಳಲ್ಲಿ ನಿಲ್ಲದೆ, ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ದಖನಿ ಚಕ್ಕೀನಾಮಾಗಳತ್ತ ಗಮನ ಹರಿಸಿದರು. ಧರ್ಮ ಜನಸಾಮಾನ್ಯರ ಮನೆಗೆ ಹೇಗೆ ನಡೆದುಬಂತು ಎಂಬುದು ಅಲ್ಲಿ ಕಂಡಿತು. ಕನ್ನಡದಲ್ಲಿ ರಹಮತ್ ತರೀಕೆರೆಯವರು ಸೂಫಿಗಳನ್ನು, ಮೊಹರಮ್ಮನ್ನು ಹುಡುಕಿಕೊಂಡು ಊರೂರು ಅಲೆದು ಬರೆದದ್ದು ಇದೇ ದಾರಿಯದು. ಇವರಿಗೆ ನಮೂನೆ ಹಾಳೆಗಿಂತ ಕಿವಿ ಮುಖ್ಯವಾಗಿತ್ತು.

ಈಗ ಮತ್ತೆ ಗಣತಿಗಳ ಕಾಲ. 2015ರಲ್ಲಿ ಕಾಂತರಾಜ ಆಯೋಗ ನಡೆಸಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ವರದಿ 2024ರ ಫೆಬ್ರವರಿಯಲ್ಲಿ ಸಲ್ಲಿಕೆಯಾಯಿತು. ಹಳೆಯದಾಯಿತೆಂಬ ಕಾರಣಕ್ಕೆ 2025ರ ಸೆಪ್ಟೆಂಬರ್ 22ರಿಂದ ಹೊಸ ಸಮೀಕ್ಷೆ ನಡೆಯಿತು. ಜಾತಿಯನ್ನೂ ಒಳಗೊಂಡ 2027ರ ಜನಗಣತಿಯನ್ನು ಕೇಂದ್ರ ಸರ್ಕಾರ ಘೋಷಿಸಿದೆ. ಯಾವ ಕಾಲಂನಲ್ಲಿ ಏನು ಬರೆಸಬೇಕು ಎಂಬ ಚರ್ಚೆ ಮಠಗಳಲ್ಲಿಯೂ ನಡೆಯಿತು, ಮಸೀದಿಗಳಲ್ಲಿಯೂ ನಡೆಯಿತು. ಅದು ಒಳ್ಳೆಯದೇ. ಆದರೆ ಕೊಟ್ಟ ಕಾಲಂ ತುಂಬುವುದಕ್ಕೆ ಮಾತ್ರ ನಮ್ಮ ಚರ್ಚೆ ನಿಲ್ಲಬಾರದು. ಕಾಲಂ ಹಾಕುವಲ್ಲಿಯೂ ನಾವಿರಬೇಕು.

ಅದಕ್ಕೆ ಮಾಡಬೇಕಾದ ಕೆಲಸ ಕಣ್ಣ ಮುಂದಿದೆ. ನಮ್ಮ ಮಕ್ಕಳು ಡಾಕ್ಟರ್, ಎಂಜಿನಿಯರ್ ಆಗಲಿ ಎಂದು ಬಯಸುವ ತಂದೆತಾಯಿಯರು ಸಮಾಜಶಾಸ್ತ್ರ, ಮನೋವಿಜ್ಞಾನ, ಭಾಷಾವಿಜ್ಞಾನ ಓದುತ್ತೇನೆಂದ ಮಗಳನ್ನು ತಡೆಯಬಾರದು. ಕಲಬುರಗಿಯ, ಬೀದರಿನ ವಿದ್ಯಾರ್ಥಿನಿಯೊಬ್ಬಳು ತನ್ನ ದಾದಿಯ ದಖನಿಯಲ್ಲಿಯೇ ಪ್ರಶ್ನೆ ಕೇಳಿ, ತಾಂಡಾದ ಗೆಳತಿಯೊಡನೆ ಗೋರ್‌ಬೋಲಿಯ ಪ್ರಶ್ನಾವಳಿ ಕಟ್ಟಿದರೆ, ದೊಡ್ಡ ಸಂಸ್ಥೆಗಳಿಗೆ ಸಿಗದ ಉತ್ತರ ಅವರಿಗೆ ಸಿಗುತ್ತದೆ. ಮನೆಯ ಯಜಮಾನನಲ್ಲದೆ ಹೆಂಗಸರನ್ನೂ ಪ್ರತ್ಯೇಕವಾಗಿ ಕೇಳಬೇಕು, ಒಂದಕ್ಕಿಂತ ಹೆಚ್ಚು ಮನೆಮಾತು ಬರೆಯಲು ಜಾಗವಿರಬೇಕು, ಕೇಳಿದ್ದು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮೊದಲೇ ತಿಳಿಸಬೇಕು. ಇವು ಅಸಾಧ್ಯದ ಬೇಡಿಕೆಗಳಲ್ಲ. ಬಿರಾದರಿಯ ಹೆಸರು ಹೇಳಲು ನಾಚುವುದನ್ನು ನಾವೂ ಬಿಡಬೇಕು. ಪಿಂಜಾರ ಎಂದು ಬರೆಸಿದ ಮಾತ್ರಕ್ಕೆ ಯಾರ ಈಮಾನೂ ಕಡಿಮೆಯಾಗುವುದಿಲ್ಲ.

ಅಲ್‌ಬಿರೂನಿ ಸುಲ್ತಾನನ ಕಡೆಯವರಾಗಿಯೂ, ಸೋತವರ ಭಾಷೆ ಕಲಿತು ಅವರ ಬಳಿ ವಿದ್ಯಾರ್ಥಿಯಂತೆ ಕುಳಿತರು. ಆದ್ದರಿಂದಲೇ ಅವರ ಪುಸ್ತಕ ಉಳಿಯಿತು. ನಮ್ಮ ಮನೆಗಳ ಮುಂದೆ ಬರುವ ಮಾಸ್ತರರಿಂದ ನಾವು ಅಷ್ಟು ಕೇಳುತ್ತಿಲ್ಲ. ಎರಡು ನಿಮಿಷಕ್ಕೆ ಬದಲು ಹತ್ತು ನಿಮಿಷ ಕುಳಿತುಕೊಳ್ಳಲಿ. ಒಂದು ಕಪ್ ಚಹಾ ಕುಡಿಯಲಿ. 'ಮುಸಲ್ಮಾನರ ಮಾತು' ಎಂದರೆ ಯಾವ ಮಾತು ಎಂದು ಇನ್ನೊಮ್ಮೆ ಕೇಳಲಿ.